ಕೇಬಲ್ಲಿಗೆ ಕಟ್ಟಿದ ಕೆಂಪು ದಾರ

ಚಿತ್ರದುರ್ಗದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಓಬಳೇಶ ಹನ್ನೆರಡು ವರ್ಷ ದುಡಿದ. ಹನ್ನೆರಡೂ ವರ್ಷ ತಾತ್ಕಾಲಿಕ ನೌಕರನಾಗಿಯೇ ದುಡಿದ. ಹೋದ ಆಗಸ್ಟಿನಲ್ಲಿ, ಮೂವತ್ತಾರು ತುಂಬುವ ಮೊದಲೇ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ಅವನ ಬಗ್ಗೆ ಹೇಳಲು ದೊಡ್ಡ ಸಂಗತಿಗಳೇನೂ ಇಲ್ಲ. ಒಂದು ಶುಕ್ರವಾರದ ವಿಷಯ ಇದೆ, ಅಷ್ಟೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಅವನ ಊರು ತುರುವನೂರು. ಅಪ್ಪ ಕಾಟಪ್ಪ ಕುರಿ ಸಾಕಿದ್ದವರು. ಕೆರೆಯಂಗಳದಲ್ಲಿ ನಾಲ್ಕು ಮನೆಯ ಕುರಿಗಳು ಬೆರೆತುಹೋದರೆ ಬೇರ್ಪಡಿಸಲು ಸುಲಭವಾಗಲಿ ಎಂದು ತಮ್ಮ ಕುರಿಗಳ ಕೊರಳಿಗೆ ಕೆಂಪು ದಾರ ಕಟ್ಟುತ್ತಿದ್ದರು. ಓಬಳೇಶ ಡಿಪ್ಲೊಮಾ ಓದಿ, ತೊಂಬತ್ತೇಳರಲ್ಲಿ ಕಾಲೇಜಿಗೆ ಸೇರಿದಾಗ ಅಲ್ಲಿದ್ದದ್ದು ಆರು ಕಂಪ್ಯೂಟರು, ಒಂದು ಬೀಗ. ಏಳೆಂಟು ವರ್ಷದಲ್ಲಿ ಕಂಪ್ಯೂಟರುಗಳು ನೂರಾದವು. ಗ್ರಂಥಾಲಯಕ್ಕೊಂದು, ಪ್ರವೇಶಕ್ಕೊಂದು, ಅಂಕಪಟ್ಟಿಗೊಂದು ಎಂದು ಹಳೆಯ ಸರ್ವರುಗಳೇ ಏಳಾದವು. ದಿನಕ್ಕೊಂದು ಕೆಡುತ್ತಿತ್ತು. ಓಬಳೇಶ ಎರಡು ವರ್ಷ ಆಡಳಿತ ಮಂಡಳಿಯ ಬೆನ್ನು ಹತ್ತಿ, ಏಳರ ಬದಲು ಎರಡು ದೊಡ್ಡ ಸರ್ವರ್ ತರಿಸಿದ. ಒಂದೊಂದರ ಹೊಟ್ಟೆಯಲ್ಲೂ ಮೂರು ನಾಲ್ಕು ಯಂತ್ರಗಳು ಇದ್ದಂತೆಯೇ ಕೆಲಸ ನಡೆಯುತ್ತದೆ. ಅವುಗಳ ಕಡತವೆಲ್ಲ ಇರುವುದು ಮಾತ್ರ ಬೇರೊಂದು ಪೆಟ್ಟಿಗೆಯಲ್ಲಿ, ಸ್ಟೋರೇಜಿನಲ್ಲಿ. ನಡುವೆ ಕೇಬಲ್ಲು.

ಮಂಡಳಿಯ ಕಾರ್ಯದರ್ಶಿ ಜಂಪಣ್ಣನವರಿಗೆ ಇದು ರುಚಿಸಿರಲಿಲ್ಲ. "ಏನಪ್ಪಾ, ಏಳೆತ್ತಿನ ಕೆಲ್ಸ ಎರಡೆತ್ತಿಗೆ ಹೊರಿಸ್ತೀಯಲ್ಲೋ. ಒಂದು ಕುಂತ್ಕಂಡ್ರೆ?" ಎಂದಿದ್ದರು.

"ಇನ್ನೊಂದು ಎಳಿತೈತೆ ಸಾರ್."

"ಎರಡೂ ಕುಂತ್ಕಂಡ್ರೆ?"

ಅದಕ್ಕೆ ಓಬಳೇಶ ನಕ್ಕಿದ್ದ.

ಕೋಣೆಯಲ್ಲಿ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಗಳು, ಸ್ವಿಚ್ಚುಗಳು, ಎರಡಿದ್ದವು. ಒಂದು ಕಚೇರಿಯ ಓಡಾಟಕ್ಕೆ, ಇನ್ನೊಂದು ಸ್ಟೋರೇಜಿಗೆ ಮಾತ್ರ; ಎರಡರ ನಡುವೆ ಒಂದು ಕೊಂಡಿ ಕೇಬಲ್ಲು. ದುರ್ಗದ ಬೇಸಿಗೆಗೆ ಕೇಬಲ್ಲಿಗೆ ಅಂಟಿಸಿದ ಚೀಟಿಗಳು ಬಿಟ್ಟುಕೊಂಡು ಬೀಳುತ್ತಿದ್ದುದರಿಂದ ಅವನು ಅಪ್ಪನ ಕ್ರಮವನ್ನೇ ಹಿಡಿದ. ಸ್ಟೋರೇಜಿನ ಕೇಬಲ್ಲುಗಳಿಗೆ ಕೆಂಪು ದಾರ, ಕಚೇರಿಯವಕ್ಕೆ ಹಸಿರು. ಇದನ್ನು ಎಲ್ಲೂ ಬರೆದಿಡಲಿಲ್ಲ. ಬರೆದಿಡಬೇಕು ಅನ್ನಿಸಲೂ ಇಲ್ಲ.

ಎರಡು ಸಾವಿರದ ಎಂಟರ ಆಯುಧಪೂಜೆಗೆ ರಜೆ ಬರುವ ಹಿಂದಿನ ದಿನವೇ ಕಾಲೇಜಿನಲ್ಲಿ ಪೂಜೆಯಾಯಿತು. ಓಬಳೇಶ ಬೆಳಿಗ್ಗೆಯೇ ಎಲ್ಲವನ್ನೂ ಕ್ರಮವಾಗಿ ಆರಿಸಿ, ಪೂಜೆಗೆ ಮೈದಾನದಲ್ಲಿ ಸಾಲಾಗಿ ನಿಂತಿದ್ದ ಬಸ್ಸುಗಳ ಕಡೆ ಹೋದ. ಕೋಣೆಯನ್ನು ಚೊಕ್ಕ ಮಾಡಿದವಳು ಚಂದ್ರಕ್ಕ. ಹದಿನೈದು ವರ್ಷದಿಂದ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದ ಹೆಂಗಸು; ಗಂಡ ತೀರಿಹೋಗಿದ್ದ, ಮನೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. ಪೂಜೆ ಮುಗಿದ ಮೇಲೆ ಓಬಳೇಶ ಯಂತ್ರಗಳನ್ನು ಮತ್ತೆ ಚಾಲೂ ಮಾಡಿದ. ಎಲ್ಲ ದೀಪವೂ ಹಸಿರಾದವು. ಕುಂಕುಮ ಹಚ್ಚಿದ ಬಾಗಿಲಿಗೆ ಕೈಮುಗಿದು ಮನೆಗೆ ಹೋದ.

ಶುಕ್ರವಾರ ಬೆಳಿಗ್ಗೆ ಕಾಲೇಜು ತೆರೆದಾಗ ಏನೂ ನಡೆಯುತ್ತಿರಲಿಲ್ಲ. ಅಂಕಪಟ್ಟಿ ತೆರೆದರೆ ಹೆಸರು ಕಾಣುತ್ತಿತ್ತು, ಪುಟ ಬರುತ್ತಿರಲಿಲ್ಲ. ಒಳಗಿನ ಯಂತ್ರಗಳೆಲ್ಲ ನಿದ್ದೆ ಹತ್ತಿದಂತೆ ನಿಂತಿದ್ದವು. ನಾನೂರು ಮಕ್ಕಳ ಆಂತರಿಕ ಅಂಕಗಳು ಶನಿವಾರ ಸಂಜೆಯೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಓಬಳೇಶನ ಕೆಲಸ ಕಾಯಂ ಮಾಡುವ ಆದೇಶ ಜಂಪಣ್ಣನವರ ಮೇಜಿನ ಮೇಲಿತ್ತು. ಸೋಮವಾರ ಸಹಿ ಎಂದು ಅವರೇ ಹೇಳಿದ್ದರು.

ಅವನು ಸರ್ವರಿನಿಂದ ಸ್ಟೋರೇಜಿಗೆ ಪಿಂಗ್ ಮಾಡಿದ. ಇದ್ದೀಯಾ ಎಂದು ಕೇಳುವ ಸಣ್ಣ ಸಂದೇಶ ಅದು. ಇದ್ದೇನೆ ಎಂದು ಉತ್ತರ ಬಂತು. ನೂರು ಸಲ ಕೇಳಿದರೂ ನೂರು ಸಲ ಬಂತು. ಸ್ಟೋರೇಜನ್ನು ಆರಿಸಿ ಹಚ್ಚಿದ. ಸರ್ವರುಗಳನ್ನು ಆರಿಸಿ ಹಚ್ಚಿದ. ಹತ್ತು ನಿಮಿಷ ಆಸೆ ಹುಟ್ಟಿಸಿ ಮತ್ತೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಅವನ ಕಾಲು ಬಾತುಕೊಂಡಿತ್ತು. ಆಗಲೇ ಕಾಯಿಲೆ ಒಳಗಿತ್ತು, ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಅನುಸೂಯ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಲೇ ಇಲ್ಲ.

ಸ್ಟೋರೇಜ್ ಮಾರಿದವರಿಗೆ ಫೋನು ಮಾಡಿದ. "ಪಿಂಗ್ ಬರ್ತಿದ್ರೆ ನೆಟ್‌ವರ್ಕ್ ಸರಿ ಇದೆ. ಡಿಸ್ಕೇ ಹೋಗಿರಬೇಕು. ಅಳಿಸಿ ಹೊಸದಾಗಿ ಸಿದ್ಧ ಮಾಡಿಬಿಡಿ," ಎಂದಿತು ಬೆಂಗಳೂರಿನ ದನಿ.

"ಅಳಿಸಿದ್ರೆ ಮಕ್ಕಳ ಅಂಕ ಎಲ್ಲಿಂದ ತರ್ಲಿ?"

"ಬ್ಯಾಕಪ್ ಇಲ್ವಾ ಸಾರ್?"

ನಕಲು ತೆಗೆದಿಟ್ಟದ್ದು ಇತ್ತು, ಆದರೆ ಹದಿನೈದು ದಿನ ಹಳೆಯದು. ಈ ಅಂಕಗಳೆಲ್ಲ ತುಂಬಿದ್ದು ಆಮೇಲೆ. ಫೋನಿಟ್ಟು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ. ಜಂಪಣ್ಣನವರು ಬಾಗಿಲಲ್ಲಿ ನಿಂತು, "ಎರಡೂ ಕುಂತ್ಕಂಡ್ವೇನಪ್ಪಾ?" ಎಂದರು.

ಅವರು ಹೋದ ಮೇಲೆ ಒಂದು ಯೋಚನೆ ಬಂತು. ಸಣ್ಣ ಸಂದೇಶ ಹೋಗುತ್ತದೆ, ದೊಡ್ಡದು ಹೋಗುತ್ತದೆಯೇ? ಸ್ಟೋರೇಜಿನ ದಾರಿಯಲ್ಲಿ ದೊಡ್ಡ ದೊಡ್ಡ ಕಟ್ಟುಗಳು ಒಡೆಯದೆ ಸಾಗಲಿ ಎಂದೇ ಆ ಸ್ವಿಚ್ಚನ್ನು ಅವನು ಹೊಂದಿಸಿದ್ದ. ಕಚೇರಿಯ ಸ್ವಿಚ್ಚಿಗೆ ಅಷ್ಟು ದೊಡ್ಡದನ್ನು ನುಂಗುವ ಶಕ್ತಿ ಇರಲಿಲ್ಲ. ಪಿಂಗನ್ನೇ ದೊಡ್ಡದು ಮಾಡಿ, ಒಡೆಯಬಾರದು ಎಂಬ ಷರತ್ತು ಹಾಕಿ ಕಳಿಸಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕಳಿಸಿದ. ಇಲ್ಲ.

ಎದ್ದು, ಯಂತ್ರಗಳನ್ನಿಟ್ಟಿದ್ದ ಬೀರುವನ್ನು ಗೋಡೆಯಿಂದ ಎಳೆದು ಹಿಂದೆ ತೂರಿದ. ಸ್ವಿಚ್ಚುಗಳಿದ್ದದ್ದು ಅಲ್ಲೇ. ಕೆಂಪೂ ಇರಲಿಲ್ಲ, ಹಸಿರೂ ಇರಲಿಲ್ಲ. ಒಂದೊಂದು ಕೇಬಲ್ಲಿಗೂ ಒಂದೊಂದು ಹೊಸ ಅರಿಶಿನದ ದಾರ, ಚೊಕ್ಕವಾಗಿ ಎರಡೆರಡು ಗಂಟು.

ಚಂದ್ರಕ್ಕನನ್ನು ಕರೆದ. "ಅಕ್ಕಾ, ಇಲ್ಲಿದ್ದ ಹಳೇ ದಾರ ಏನ್ ಮಾಡಿದ್ರಿ?"

"ಹೋದ್ವರ್ಷದ ಪೂಜೆ ದಾರ ಅಲ್ವೇನಣ್ಣ? ಬಣ್ಣ ಕೆಟ್ಟಿತ್ತು. ಕತ್ತರಿಸಿ ಹೊಸವು ಕಟ್ಟಿದೆ."

"ವೈರೂ ಕಿತ್ತಿದ್ರಾ?"

"ಒದ್ದೆ ಬಟ್ಟೇಲಿ ಒರೆಸ್ಬೇಕಿತ್ತು, ಕರೆಂಟು ಹೊಡೆದೀತು ಅಂತ ಕಿತ್ತೆ. ಮತ್ತೆ ಎಲ್ಲಾನೂ ಹಾಕ್ದೆ ಕಣಣ್ಣ. ಒಂದೂ ಬಿಟ್ಟಿಲ್ಲ, ಎಣಿಸೀನಿ." ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕೆ, ಏನಾತು?"

"ದಾರ ಎಸೆದಿದ್ದೆಲ್ಲಿ?"

"ಎಸೀತೀನಾ? ತುಳಿಯೋ ಜಾಗದಾಗೆ ಹಾಕ್ಬಾರ್ದು ಅಂತ ದಾಸವಾಳದ ಬುಡಕ್ಕೆ ಹಾಕೀನಿ, ಬರ್ರಿ ತೋರಿಸ್ತೀನಿ."

ದಾಸವಾಳದ ಬುಡದಲ್ಲಿ, ಬಾಡಿದ ಚೆಂಡುಹೂವಿನ ಅಡಿಯಲ್ಲಿ, ಕೆಂಪು ಹಸಿರು ತುಂಡುಗಳು ಒಂದು ಹಿಡಿಯಷ್ಟು ಸಿಕ್ಕವು. ಓಬಳೇಶ ಅವನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡ. ನಗಬೇಕೆನ್ನಿಸಿದರೂ ಸುಸ್ತಾಗಿತ್ತು. ಒಳಗೆ ಬಂದು, ಕೇಬಲ್ಲುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತುದಿಯವರೆಗೆ ತಡವುತ್ತಾ ಹೋದ. ಸ್ಟೋರೇಜಿನ ಕೇಬಲ್ಲು ಕಚೇರಿಯ ಸ್ವಿಚ್ಚಿನಲ್ಲಿತ್ತು. ಕಿತ್ತು ಅದರ ಜಾಗಕ್ಕೆ ಹಾಕಿದ. ದೊಡ್ಡ ಪಿಂಗಿಗೆ ಉತ್ತರ ಬಂತು. ಯಂತ್ರಗಳು ಒಂದೊಂದಾಗಿ ಎದ್ದವು. ಶನಿವಾರ ಮಧ್ಯಾಹ್ನವೇ ಅಂಕಗಳು ಹೋದವು.

ಜಂಪಣ್ಣನವರು ವರದಿ ಕೇಳಿದರು. "ಕಾಲೇಜು ಒಂದಿನ ಪೂರ್ತಿ ನಿಂತೈತೆ. ಯಾರಿಂದ ಆತು ಅಂತ ಹೆಸರು ಬರ್ದು ಕೊಡು. ಅವ್ರು ನಾಳೆಯಿಂದ ಬರೋದು ಬ್ಯಾಡ."

ಚಂದ್ರಕ್ಕ ಹೊರಗೆ ಪೊರಕೆ ಹಿಡಿದು ನಿಂತಿದ್ದಳು, ಗುಡಿಸುತ್ತಿರಲಿಲ್ಲ. ಓಬಳೇಶ ಅರ್ಧ ಗಂಟೆ ಖಾಲಿ ಹಾಳೆಯ ಮುಂದೆ ಕುಳಿತ. ಅವಳ ಹೆಸರು ಬರೆದರೆ ಸುಳ್ಳಾಗುತ್ತಿರಲಿಲ್ಲ. ಆದರೆ ದಾರದ ಅರ್ಥವನ್ನು ಅವಳಿಗೆ ಯಾರು ಹೇಳಿದ್ದರು? ತುರುವನೂರಿನ ಕುರಿಯ ಲೆಕ್ಕ ದುರ್ಗದಲ್ಲಿ ಎಲ್ಲರಿಗೂ ಗೊತ್ತಿರುತ್ತದೆಂದು ಅವನೇ ತಿಳಿದುಕೊಂಡಿದ್ದ. ಕೊನೆಗೆ ಎರಡು ಸಾಲು ಬರೆದ. "ಕೇಬಲ್ಲುಗಳಿಗೆ ಸರಿಯಾದ ಗುರುತು ಹಾಕದೆ, ಬೇರೆಯವರಿಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ಪೂಜೆಯ ದಿನ ಕೋಣೆ ಬಿಟ್ಟು ಹೋದದ್ದೂ ನನ್ನ ತಪ್ಪು."

ಜಂಪಣ್ಣನವರು ಓದಿ, ಕನ್ನಡಕ ತೆಗೆದರು. "ಲೇ, ಇದನ್ನ ಇಟ್ಕಂಡು ಕಾಯಂ ಆದೇಶಕ್ಕೆ ಹೆಂಗೋ ಸಹಿ ಹಾಕ್ಲಿ?"

"ಗೊತ್ತೈತೆ ಸಾರ್."

"ಮುಂದಿನ ಸಭೆಗೆ ನೋಡಾಣ."

ಅವತ್ತು ಮನೆಯಲ್ಲಿ ಅನುಸೂಯ ಇಡೀ ಕಥೆ ಕೇಳಿ, "ಅಕ್ಕನ ಕೆಲ್ಸ ಉಳೀತಲ್ಲ, ಬಿಡ್ರಿ. ಉಣ್ಣಾಕೆ ಬರ್ರಿ," ಎಂದಳಂತೆ. ಆದರೆ ತಟ್ಟೆಗೆ ಬಡಿಸಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ಸಭೆ ಜನವರಿಯಲ್ಲಿ ಆಯಿತು, ವಿಷಯ ಬರಲಿಲ್ಲ. ಏಪ್ರಿಲ್‌ನಲ್ಲಿ ಮತ್ತೊಂದು ಸಭೆ. ಅಷ್ಟರಲ್ಲಿ ಓಬಳೇಶ ವಾರಕ್ಕೆರಡು ಸಲ ರಕ್ತ ಶುದ್ಧಿಗೆ ದಾವಣಗೆರೆಗೆ ಹೋಗಿಬರುತ್ತಿದ್ದ. ಬಂದ ದಿನಗಳಲ್ಲಿ ಕೋಣೆಯಲ್ಲಿ ಕುಳಿತು ಕೇಬಲ್ಲುಗಳಿಗೆ ಮತ್ತೆ ದಾರ ಕಟ್ಟಿದ. ಯಾವ ಬಣ್ಣ ಯಾವುದಕ್ಕೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ. ಚಂದ್ರಕ್ಕನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಪ್ರತಿ ದಾರವನ್ನೂ ಮುಟ್ಟಿಸಿ ಹೇಳಿಕೊಟ್ಟ.

ಈ ಸಲದ ಆಯುಧಪೂಜೆಗೆ ಅವನಿರಲಿಲ್ಲ. ಚಂದ್ರಕ್ಕ ಒಂದು ಕೇಬಲ್ಲನ್ನೂ ಕೀಳದೆ ಒಣಬಟ್ಟೆಯಲ್ಲೇ ಬೀರು ಒರೆಸಿದಳು. ಅವನ ಜಾಗಕ್ಕೆ ಬಂದಿದ್ದ ಜಯಕುಮಾರ್ ಅರಿಶಿನದ ದಾರದ ಉಂಡೆ ತಂದು, "ಈ ಹಳೇವು ತೆಗೆದು ಹೊಸವು ಕಟ್ಟಲ್ವೇನಕ್ಕ?" ಎಂದ.

"ಅವು ಪೂಜೆ ದಾರ ಅಲ್ಲಪ್ಪ," ಎಂದಳು ಚಂದ್ರಕ್ಕ. "ಮುಟ್ಬ್ಯಾಡ. ಬಾ, ಯಾವ್ದು ಎಲ್ಲಿಗೆ ಹೋಗ್ತೈತೆ ಅಂತ ಹೇಳ್ತೀನಿ, ಕುಂತ್ಕ."