ರವಿಯಣ್ಣನಿಗೆ ಕಟ್ಟಿದ ಕಾಂಪೌಂಡ್

ಜಯನಗರದ ದೊಡ್ಡಮ್ಮ ಕಂಪ್ಯೂಟರಿಗೆಂದು ಹೊಲಿದಿದ್ದ ಹೂವಿನ ಹೊದಿಕೆ ಇಂದು ಅವರ ಮನೆಯ ಅಟ್ಟದಲ್ಲಿ ಸಿಕ್ಕಿತು. ನಾವು ಚಿಕ್ಕವರಿದ್ದಾಗ ಅಲ್ಲಿ ಕೈ ತೊಳೆಯದೆ ಕೀಬೋರ್ಡ್ ಮುಟ್ಟುವಂತಿರಲಿಲ್ಲ.

ನಮ್ಮದು ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಆಟ, ಸರದಿಯಂತೆ ಆಡಬೇಕು. ನಾನು ಕೈ ತೊಳೆಯಲು ಹೋದಾಗ ಅವರ ಮಗ ರವಿಯಣ್ಣ ನನ್ನ ಸರದಿಯನ್ನೂ ತಾನೇ ಆಡಿ, ಹೊಸ ಗ್ರಹ ಹಿಡಿಯಲು ಕಟ್ಟಿದ್ದ ನನ್ನ ಮೊದಲ ವಲಸೆ ಹಡಗನ್ನು ಶತ್ರುಗಳ ಬಾಯಿಗೆ ಕಳುಹಿಸಿದ್ದ.

ಮರುದಿನ ಇಟ್ಟಮಡುವಿನ ನಮ್ಮ ಮನೆಯಲ್ಲೇ ಕೈ ತೊಳೆದು ಬಸ್ಸು ಹತ್ತಿದೆ. ಹೊಸ ಆಟದಲ್ಲಿ ಯುದ್ಧನೌಕೆ ಕಟ್ಟದೆ, ಅವನ ಗ್ರಹದ ಸುತ್ತಲಿನ ಬರಡು ಗ್ರಹಗಳನ್ನೆಲ್ಲ ಹಿಡಿದೆ.

“ಕಲ್ಲು ಆರಿಸ್ತಿದೀಯೇನೋ, ಪೆದ್ದ?”

“ನಿಂಗೆ ಕಾಂಪೌಂಡ್ ಕಟ್ತಿದೀನಿ, ಅಣ್ಣ.”

ಅವನಿಗೆ ಹಿಗ್ಗಲು ಜಾಗವಿಲ್ಲ, ನನ್ನ ಗಡಿ ದಾಟಿ ನುಗ್ಗಲು ದಾರಿಯಿಲ್ಲ. ಅಣ್ಣ ಅತ್ತೇಬಿಟ್ಟ.

ಇಂದು ಅವನ ಮಗ ನನ್ನ ಮಗಳನ್ನು ಅಂಥದೇ ಆಟಕ್ಕೆ ಕರೆದಿದ್ದಾನೆ. ಕೈ ತೊಳೆಯಲು ಎದ್ದವಳನ್ನು ತಡೆದೆ: “ಆಮೇಲೆ ತೊಳಿ, ಪುಟ್ಟಿ.”