ಹರಳೆಣ್ಣೆಯ ವಾರ್ನಿಷು

ಸುಶೀಲತ್ತೆಯ ಬಲಗೈ ಹೆಬ್ಬೆರಳಿನ ತುದಿ ಬಣ್ಣ ಬಳಿದಂತೆ ಹೊಳೆಯುತ್ತಿತ್ತು. ಎಡಗೈಯದೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಡೈರಿಯಲ್ಲಿ ಆ ತಿಂಗಳುಗಳ ಬಗ್ಗೆ ನಾಲ್ಕೇ ಸಾಲು ಇವೆ. ಉಳಿದದ್ದನ್ನು ಆಮೇಲೆ ನಾನೇ ತುಂಬಿಕೊಂಡಿರಬಹುದು. ಆದರೆ ಆ ಹೊಳಪು ಹರಳೆಣ್ಣೆಯದು, ಅದರಲ್ಲಿ ಅನುಮಾನವಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದ ಮೇಲೆ ಮಾರೇನಹಳ್ಳಿಯ ಮನೆಯ ತಾರಸಿಯಲ್ಲಿ ಒಲೆ ಹೂಡಿದ್ದರು. ವಿಜಯನಗರದಲ್ಲಿ ಮೆಟ್ರೊ ಕಂಬಗಳು ಏಳುವ ಮುಂಚಿನ ಮಾತು. ನಾನು ಬಿ.ಎಸ್‌ಸಿ. ಓದುತ್ತಿದ್ದೆ, ಅತ್ತಿಗೆ ಬಸುರಿ. ಹೇರೋಹಳ್ಳಿಯ ಬಡಗಿ ರಾಜಣ್ಣನಿಗೆ ತೊಟ್ಟಿಲು ಮಾಡಲು ಹೇಳಿಯಾಗಿತ್ತು. ಹಲ್ಲು ಬರುವಾಗ ಮಗು ತೊಟ್ಟಿಲ ಅಂಚು ಕಚ್ಚುತ್ತದೆ, ಅಂಗಡಿ ವಾರ್ನಿಷು ಅದರ ಬಾಯಿಗೆ ಹೋಗಕೂಡದು ಎಂದು ಅತ್ತೆ ಹಠ ಹಿಡಿದರು. ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟರಲ್ಲಿ ಹರಳೆಣ್ಣೆ ಮತ್ತು ಮರದ ರಾಳದಿಂದಲೇ ಲೇಪ ಮಾಡಿ ಒಣಗಿಸಿಕೊಡುತ್ತೇನೆ ಎಂದರು.

"ಹರಳೆಣ್ಣೆ ಒಣಗತ್ತಾ ಅತ್ತೆ?"

"ಹಾಗೇ ಬಿಟ್ರೆ ಈ ಜನ್ಮದಲ್ಲಿ ಒಣಗಲ್ಲ ಕಣೇ. ಚಿಟಿಕೆ ಆಮ್ಲ ಹಾಕಿ ಕಾಯಿಸಿದ್ರೆ ಅಣುವಿನೊಳಗಿಂದ ನೀರು ಬಿಟ್ಟು ಹೋಗತ್ತೆ. ಆಮೇಲೆ ಗಾಳಿ ತಾಗಿದ್ರೆ ಅಣುಗಳು ಒಂದಕ್ಕೊಂದು ಕೈ ಹಿಡ್ಕೊಂಡು ಗಟ್ಟಿಯಾಗ್ತವೆ. ಪಾಲಿಮರ್ ಅಂದ್ರೆ ಅಷ್ಟೇ. ಗಿಡದ ಎಣ್ಣೆಗೂ ಬರತ್ತೆ ಆ ವಿದ್ಯೆ."

ಘಾಟಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಮಾವ ಮೆಟ್ಟಿಲ ಮೇಲೆ ಪೇಪರು ಹಿಡಿದು ನಿಂತು, "ತಿಂಡಿ ಏನು ಇವತ್ತು, ಹರಳೆಣ್ಣೆ ಉಪ್ಪಿಟ್ಟಾ?" ಎನ್ನುತ್ತಿದ್ದರು.

"ಅದೇ ಬೇಕಾಗಿರೋದು ನಿಮಗೆ. ಹೊಟ್ಟೆ ಕ್ಲೀನ್ ಆಗತ್ತೆ."

ಅತ್ತೆ ಎಣ್ಣೆಯ ಹದವನ್ನು ಪಾಕ ನೋಡುವಂತೆಯೇ ನೋಡುತ್ತಿದ್ದರು. ಒಂದು ತೊಟ್ಟು ತಟ್ಟೆಗೆ ಬಿಟ್ಟು, ಆರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಎಳೆಯುವುದು. ಮೊದಲ ಸಲ ಎಳೆ ಬಂದ ಕೂಡಲೇ ಒಲೆ ಆರಿಸಿದರು. ಆದರೆ ಅದು ಅಜ್ಜಿಯ ಕಾಲದ ದಪ್ಪ ತಳದ ಕಬ್ಬಿಣದ ಬಾಣಲೆ. ಬೆಂಕಿ ಆರಿದರೂ ಬಾಣಲೆಯ ಕಾವಿಗೆ ಎಣ್ಣೆ ಬೇಯುತ್ತಲೇ ಇತ್ತು. ನಾವು ಕಾಫಿ ಕುಡಿದು ಬಂದಾಗ ಅಷ್ಟೂ ರಬ್ಬರಿನ ಮುದ್ದೆ. ನಡುವೆ ಸೌಟು ನೆಟ್ಟಗೆ ನಿಂತಿತ್ತು. ಇಲ್ಲೇ ಇದ್ದು ನೋಡ್ಕೋ ಎಂದು ನನಗೆ ಹೇಳಿ ಇಳಿದಿದ್ದರೇ? ಹೇಳಿದ್ದರು ಎಂದು ಒಮ್ಮೊಮ್ಮೆ ಅನಿಸುತ್ತದೆ. ಅತ್ತೆ ಬೈಯಲಿಲ್ಲ. ಉಳಿ ತಂದು ಕೆತ್ತುತ್ತ ಕೂತರು.

"ಇಷ್ಟು ವರ್ಷ ಪಾಠ ಹೇಳಿ, ಮೈಸೂರುಪಾಕಿನ ಲೆಕ್ಕ ಹಾಕ್ದೆ ನೋಡು. ಹೋಗು, ಇನ್ನೊಂದು ಡಬ್ಬ ಎಣ್ಣೆ ತಗೊಂಡ್ಬಾ."

ಮುಂದಿನ ಸಲ ಬಾಣಲೆಯನ್ನು ಒದ್ದೆ ಮರಳಿನ ಮೇಲೆ ಇಳಿಸಿದರು. ಲೇಪ ಜೇನಿನ ಬಣ್ಣಕ್ಕೆ ಬಂತು. ರಾಜಣ್ಣ ತೊಟ್ಟಿಲಿಗೆ ಬಳಿದ. ಮೂರು ದಿನವಾದರೂ ಅಂಟು ಹೋಗಲಿಲ್ಲ. ಒಣಗಿದೆಯೇ ಎಂದು ಒತ್ತಿ ನೋಡಿದ ಹತ್ತಿಯ ಎಳೆಗಳು ಅಲ್ಲೇ ಉಳಿಯುತ್ತಿದ್ದವು.

"ಮೇಡಮ್, ಹಿಂಗಾದ್ರೆ ಮಗು ಜೊತೆ ನೊಣಾನೂ ತೂಗ್ಬೇಕಾಗತ್ತೆ," ಎಂದ ರಾಜಣ್ಣ. "ಅಂಗಡೀಲಿ ಡ್ರೈಯರ್ ಅಂತ ಸಿಗತ್ತೆ. ನಾಲ್ಕು ತೊಟ್ಟು ಹಾಕಿ, ಸಂಜೆಗೆ ಒಣಗತ್ತೆ."

"ಅದರಲ್ಲಿ ಲೋಹ ಇದೆ ರಾಜಣ್ಣ. ಒಂದು ತೊಟ್ಟೂ ಬೇಡ. ಒರೆಸಿಬಿಡು ಎಲ್ಲಾ."

ಒರೆಸಿ, ಬಳಿದೇ ಇಲ್ಲವೇನೋ ಎಂಬಷ್ಟು ತೆಳ್ಳಗೆ ಬಟ್ಟೆಯಲ್ಲಿ ತಿಕ್ಕಿಸಿದರು. ನಾಮಕರಣಕ್ಕೆ ಒಂದು ವಾರ ಇತ್ತು. ಪ್ರತಿದಿನ ಬಸ್ಸು ಹಿಡಿದು ಹೇರೋಹಳ್ಳಿಗೆ ಹೋಗಿ, ರಾಜಣ್ಣನ ಅಂಗಳದಲ್ಲಿ ಕೊಡೆ ಬಿಚ್ಚಿ ಕೂತು, ಬಿಸಿಲು ಸರಿದಂತೆಲ್ಲ ತೊಟ್ಟಿಲು ತಿರುಗಿಸುತ್ತಿದ್ದರು. ನಾಮಕರಣದ ಹಿಂದಿನ ದಿನ ಮಧ್ಯಾಹ್ನ ಹತ್ತಿ ಒತ್ತಿ ಊದಿದರು. ಒಂದೆಳೆಯೂ ಉಳಿಯಲಿಲ್ಲ.

"ಆಟೋ ಕರಿ," ಎಂದರು, ಅಷ್ಟೇ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಮಗುವಿಗಿನ್ನೂ ಹಲ್ಲು ಬಂದಿರಲಿಲ್ಲ. "ಒಣಗಿದ್ದು ದೊಡ್ಡದಲ್ಲ ಕಣೇ," ಎಂದರು. "ಕಚ್ಚಿ ಕಚ್ಚಿ ಜೊಲ್ಲು ತಾಗಿದ ಕಡೆ ಲೇಪ ಬಿಳಿಚಿದ್ರೆ ನಾನು ಫೇಲ್. ಮರೀದೆ ನೋಡು."

ನೋಡಲಿಲ್ಲ. ಹುಡುಗ ಬೆಳೆದ, ತೊಟ್ಟಿಲು ಅತ್ತಿಗೆಯ ಕೆಂಗೇರಿ ಮನೆಯ ಅಟ್ಟ ಸೇರಿತು. ಒಂದು ಬಸ್ಸು ಹತ್ತಿದರೆ ನಾನೇ ಹೋಗಿ ನೋಡಬಹುದು. ಹೋಗದಿರುವುದು ಸೋಮಾರಿತನಕ್ಕೋ ಭಯಕ್ಕೋ ನನಗೇ ತಿಳಿಯದು. ಮೂರು ಸಲ ಫೋನಿನಲ್ಲಿ ಕೇಳಿದ್ದೇನೆ. ಇಳಿಸಿ ನೋಡಿ ಹೇಳ್ತೀನಿ ಎಂದ ಅತ್ತಿಗೆ ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ: "ಅವನು ಕಚ್ಚಿದ ಕಡೆ ಬಿಳಿಚಿದೆಯಾ, ಅತ್ತಿಗೆ?"