ಜೇಬಿನಲ್ಲಿದ್ದ ತಾತ

ನಮ್ಮ ದೊಡ್ಡಮ್ಮ ಹನ್ನೊಂದು ವರ್ಷದಿಂದ ಒಂದು ಸಂಶೋಧನಾಲಯದಲ್ಲಿ ಚಿಟ್ಟಿಲಿ ಸಾಕುತ್ತಾಳೆ. ಕಿಟಕಿಯಿಲ್ಲದ ಕೋಣೆ, ಗೋಡೆಗುಂಟ ಕಪಾಟು, ಕಪಾಟಿನ ತುಂಬ ಪಾರದರ್ಶಕ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮುಂದೆ ಒಂದು ಚೀಟಿ. ನಾನು ಬಾಗಿಲ ಗಾಜಿನಿಂದ ಒಂದೇ ಸಲ ನೋಡಿದ್ದೇನೆ. ಉಳಿದದ್ದನ್ನು ದೊಡ್ಡಮ್ಮನ ಬಾಯಿಂದ ಕೇಳಿ, ಅನುಮಾನ ಬಂದ ಕಡೆ ಎರಡೆರಡು ಸಲ ಕೇಳಿ ಬರೆಯುತ್ತಿದ್ದೇನೆ.

ಅವಳ ಇಲಿಗಳು ಕಪ್ಪು. ಗಂಡಿನ ಜೊತೆ ಹೆಣ್ಣನ್ನು ಬಿಟ್ಟು, ಕೂಡಿದ ಗುರುತು ಕಂಡ ಬೆಳಿಗ್ಗೆ ಹೆಣ್ಣನ್ನು ಬೇರೆ ಪೆಟ್ಟಿಗೆಗೆ ಹಾಕಿ, ಚೀಟಿಯಲ್ಲಿ ತಾರೀಕು ಬರೆಯಬೇಕು. ಇಪ್ಪತ್ತು ದಿನಕ್ಕೆ ಮರಿ. ಹತ್ತು ವರ್ಷ ಹಾಗೇ ನಡೆದಿತ್ತು. ಹೋದ ಚಳಿಗಾಲದಿಂದ ಮಾತ್ರ ತಾರೀಕು ಇರುತ್ತಿತ್ತು, ಮರಿ ಇರುತ್ತಿರಲಿಲ್ಲ.

ದೊಡ್ಡಮ್ಮ ಒಂದೊಂದೇ ಕಾರಣ ಹುಡುಕಿದಳು. ಬಾಗಿಲ ಸಂದಿಯಿಂದ ರಾತ್ರಿ ಬೆಳಕು ಬೀಳುತ್ತದೆಂದು ಬಟ್ಟೆ ತುರುಕಿದಳು. ಪಕ್ಕದ ಪಂಪಿನ ಸದ್ದಿಗೆ ಹೆದರುತ್ತವೆಂದು ಕಪಾಟನ್ನು ಆಚೆ ಗೋಡೆಗೆ ಸರಿಸಿದಳು. ಗೂಡಿಗೆ ಹತ್ತಿ ಹೆಚ್ಚು ಕೊಟ್ಟಳು. ತಾನು ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟಳು. ಏನೂ ಆಗಲಿಲ್ಲ. ಅವಳಿಗೆ ಊಟ ಸೇರದಾಯಿತು.

ಅದರ ನಡುವೆ ಅವಳ ಕಾಲು ಉಳುಕಿ ಹನ್ನೆರಡು ದಿನ ಮನೆಯಲ್ಲಿದ್ದಳು. ಕೆಳಮಹಡಿಯಲ್ಲಿ ಮೊಲ ನೋಡಿಕೊಳ್ಳುವವನು ಆ ಕೋಣೆಯನ್ನೂ ನೋಡಿಕೊಂಡ. ಅವನದು ಅರೆಬರೆ ಕೆಲಸ. ನೀರು ಚೆಲ್ಲುತ್ತಾನೆ, ಚೀಟಿಯನ್ನು ತಲೆಕೆಳಗಾಗಿ ಸಿಕ್ಕಿಸುತ್ತಾನೆ. ಆದರೆ ಅವನು ಮೊದಲ ದಿನಗಳಲ್ಲೇ ತಾರೀಕು ಬರೆದಿದ್ದ ಎರಡು ಹೆಣ್ಣುಗಳೂ, ದೊಡ್ಡಮ್ಮ ಕೆಲಸಕ್ಕೆ ಮರಳಿದ ಮೇಲೆ, ಮರಿ ಹಾಕಿದವು.

ಆ ಇಲಿಗಳ ಮೇಲೆ ಸಂಶೋಧನೆ ಮಾಡುವ ಮೇಡಂ ಮೆತ್ತಗೇ ಹೇಳಿದರಂತೆ. "ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳಿಂದ ಆ ಕೋಣೆ ಅವರೇ ನೋಡ್ಕೊಳ್ಳಲಿ. ನೀವು ಬಾಟಲಿ ತೊಳೆಯೋ ಕಡೆ ಇರಿ."

ಅವತ್ತು ದೊಡ್ಡಮ್ಮ ಮನೆಗೆ ಬಂದು, ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಳು. "ನನ್ನ ಕೈಯಲ್ಲೇ ಏನೋ ಇದೆ ಕಣ್ರೀ" ಎಂದಳು. ದೊಡ್ಡಪ್ಪ ಏನಾದರೊಂದು ತಮಾಷೆ ಮಾಡುವವನು, ಅವತ್ತು ತಾನೇ ತಟ್ಟೆಗೆ ಬಡಿಸಿ ಅವಳ ಮುಂದಿಟ್ಟ.

ಮರುದಿನ ಅವಳು ಅಭಿಮಾನ ಬದಿಗಿಟ್ಟು ಮೊಲದವನ ಹತ್ತಿರ ಹೋಗಿ, ಆ ಹನ್ನೆರಡು ದಿನ ಏನೇನು ಮಾಡಿದೆ ಎಂದು ಕೇಳಿದಳು.

"ನಾನೇನು ಮಾಡಿದೆ ತಾಯಿ? ಕಾಳು, ನೀರು, ತಾರೀಕು, ಅಷ್ಟೇ. ನಿನ್ನ ಆ ಮುದುಕನ್ನಂತೂ ಮುಟ್ಟಲೂ ಇಲ್ಲ. ಕಚ್ಚಿಬಿಟ್ಟರೆ ನನ್ನ ಹೆಂಡತಿಗೆ ಏನಂತ ಹೇಳಲಿ?"

ಮುದುಕ ಎಂದರೆ ದೊಡ್ಡಮ್ಮ ತಾತ ಎಂದು ಕರೆಯುತ್ತಿದ್ದ ಇಲಿ. ಬೇರೆ ತಳಿಯ ಬಿಳಿ ಗಂಡಿಲಿ, ಪಕ್ಕದ ಕೋಣೆಯದು. ವಯಸ್ಸಾಗಿ ಒಂಟಿಯಾಗಿತ್ತು. ಹೋದ ಚಳಿಗಾಲದಲ್ಲಿ ಅದು ನಡುಗುವುದನ್ನು ನೋಡಲಾರದೆ ದೊಡ್ಡಮ್ಮ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಚಳಿ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ. "ನನ್ನನ್ನು ಒಂದು ದಿನ ಹಾಗೆ ಇಟ್ಕೊಂಡಿದ್ದಿದ್ರೆ" ಎಂದು ದೊಡ್ಡಪ್ಪ ಅಣಕಿಸುತ್ತಿದ್ದ. ಜೇಬಿನಲ್ಲಿ ತಾತನ ಬೆನ್ನು ಸವರಿದ ಕೈಯಿಂದಲೇ ಅವಳು ಕಪ್ಪು ಹೆಣ್ಣುಗಳನ್ನು ಎತ್ತುತ್ತಿದ್ದಳು.

ಅವಳು ನೇರವಾಗಿ ಮೇಡಂ ಹತ್ತಿರ ಹೋಗಿ ಇದನ್ನೆಲ್ಲ ಒಪ್ಪಿಕೊಂಡಳು. ಮೇಡಂ ಪೆನ್ನು ಕೆಳಗಿಟ್ಟರು. ಕೂಡಿದ ಮೊದಲ ಮೂರು ನಾಲ್ಕು ದಿನದಲ್ಲಿ ಗುರುತಿಲ್ಲದ ಗಂಡಿನ ವಾಸನೆ ಹತ್ತಿದರೆ ಹೆಣ್ಣಿಲಿಗೆ ಬಸಿರು ನಿಲ್ಲದೆ ಹೋಗಬಹುದು, ಅದೂ ಬೇರೆ ತಳಿಯ ಗಂಡಾದರೆ ಇನ್ನೂ ಹೆಚ್ಚು, ಎಂದು ವಿವರಿಸಿದರು. ಆಮೇಲೆ, "ಜೇಬಲ್ಲಿ ಇಲಿ ಇದೆ ಅಂತ ನಾನು ಹೇಗೆ ಊಹಿಸಲಿ?" ಎಂದು ನಕ್ಕರು. ದೊಡ್ಡಮ್ಮನಿಗೆ ನಗು ಬರಲಿಲ್ಲ. ಒಂದು ತಿಂಗಳು ಅವಕಾಶ ಕೇಳಿದಳು. ಮೇಡಂ ಕೊಟ್ಟರು.

ಆ ತಿಂಗಳು ಹೊಸ ಕೋಟು, ಪೆಟ್ಟಿಗೆಗೊಂದು ಹೊಸ ಜೊತೆ ಕೈಗವಸು. ತಾತನಿಗೆ ಜೇಬಿನ ಬದಲು ಹತ್ತಿ, ಒಳಗೆ ಮಲಗಲು ಒಂದು ರಟ್ಟಿನ ಕೊಳವೆ. ಅವಳು ಪಕ್ಕದ ಕೋಣೆಯ ಮುಂದೆ ಹಾಯುವಾಗ ಅದು ಹಿಂಗಾಲ ಮೇಲೆ ನಿಂತು ಮೂಗಾಡಿಸುತ್ತಿತ್ತಂತೆ. ಅವಳು ನೋಡದವಳಂತೆ ಹೋಗುತ್ತಿದ್ದಳು.

ಚೀಟಿಯಲ್ಲಿ ಹೊಸ ತಾರೀಕು ಬರೆದ ಇಪ್ಪತ್ತೊಂದನೇ ದಿನ ಸಂಜೆ ಅವಳು ತಡವಾಗಿ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ "ಏಳು ಮರಿ" ಎಂದಳು. ಬೆರಳ ತುದಿಯಷ್ಟು, ಕೆಂಪಗೆ, ಒಂದರ ಮೇಲೊಂದು ಮಲಗಿದ್ದವಂತೆ. ಕೋಣೆ ಅವಳದೇ ಎಂದು ಮೇಡಂ ಅಲ್ಲೇ ಹೇಳಿದ್ದರು.

ಹಾಗಾದರೆ ಇಷ್ಟು ಹೊತ್ತು ಎಲ್ಲಿದ್ದೆ ಎಂದು ದೊಡ್ಡಪ್ಪ ಕೇಳಿದ.

"ತಾತನ ಹತ್ರ ಕೂತಿದ್ದೆ. ಎಲ್ಲಾ ಕೆಲಸ ಮುಗಿದ ಮೇಲೆ, ಮನೆಗೆ ಹೊರಡೋ ಮುಂಚೆ ಇನ್ಮೇಲೆ ಅವನ ಸರದಿ. ನಿನ್ನ ತಪ್ಪಲ್ಲ ಕಣೋ, ನಂದು, ಅಂತ ಹೇಳಿ ಬಂದೆ."